ಲಕ್ವ ಹೊಡೆದಾಗ ಮೊದಲ ಪ್ರಶ್ನೆ: ಎಷ್ಟು ಹೊತ್ತಾಯಿತು?

ಲಕ್ವ ಹೊಡೆದವರನ್ನು ತುರ್ತು ಚಿಕಿತ್ಸಾ ಘಟಕದ ಬಾಗಿಲಿಗೆ ತಂದ ಕೂಡಲೇ ವೈದ್ಯರು ಮನೆಯವರನ್ನು ಕೇಳುವುದು ಇಷ್ಟು: ‘ಇವರು ಚೆನ್ನಾಗಿದ್ದದ್ದನ್ನು ಕೊನೆಯದಾಗಿ ನೋಡಿದವರು ಯಾರು? ಆಗ ಗಂಟೆ ಎಷ್ಟಾಗಿತ್ತು?’ ಬಹಳ ಮಂದಿ ಇಲ್ಲಿ ತಡವರಿಸುತ್ತಾರೆ. ‘ಬೆಳಿಗ್ಗೆ ಎದ್ದಾಗಿನಿಂದ ಹೀಗೇ ಇದ್ದಾರೆ’ ಎನ್ನುತ್ತಾರೆ. ರಾತ್ರಿ ಹತ್ತಕ್ಕೆ ಉಂಡು ಮಲಗಿದವರು ಬೆಳಿಗ್ಗೆ ಆರಕ್ಕೆ ಏಳುವಾಗ ಒಂದು ಕೈ ಸ್ವಾಧೀನ ತಪ್ಪಿದ್ದರೆ, ವೈದ್ಯರು ಲೆಕ್ಕ ಹಿಡಿಯುವುದು ರಾತ್ರಿ ಹತ್ತರಿಂದ. ಏಕೆಂದರೆ ನಡುವಿನ ಎಂಟು ಗಂಟೆಯಲ್ಲಿ ಯಾವ ಗಳಿಗೆಯಲ್ಲಿ ಅದು ಆಯಿತೆಂದು ಹೇಳುವವರಿಲ್ಲ.

ಈ ಒಂದು ಪ್ರಶ್ನೆಯ ಮೇಲೆ ಚಿಕಿತ್ಸೆಯ ಬಹುಪಾಲು ನಿಂತಿದೆ. ಮಂಡ್ಯ, ಮೈಸೂರು ಸೀಮೆಯಲ್ಲಿ ಲಕ್ವವನ್ನು ವಯಸ್ಸಾದವರ ಹಣೆಬರಹವೆಂದು ಒಪ್ಪಿಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಎದೆನೋವು ಬಂದರೆ ನಡುರಾತ್ರಿಯಲ್ಲಿ ಕಾರು ಮಾಡಿಕೊಂಡು ಮೈಸೂರಿಗೆ ಓಡುವ ಮನೆಯವರೇ, ಬಾಯಿ ಸೊಟ್ಟಗಾದರೆ ‘ಬೆಳಗಾಗಲಿ, ನೋಡೋಣ’ ಎನ್ನುತ್ತಾರೆ. ಕಾರಣ ಸರಳ: ಲಕ್ವದಲ್ಲಿ ಹೆಚ್ಚಾಗಿ ನೋವಿಲ್ಲ. ಮಿದುಳಿನ ಅಂಗಾಂಶಕ್ಕೆ ನೋವು ತಿಳಿಯುವ ನರತುದಿಗಳೇ ಇಲ್ಲ. ಕೈ ಎತ್ತಲಾಗದ ಮನುಷ್ಯ ಸುಮ್ಮನೆ ಕುಳಿತಿರುತ್ತಾನೆ. ಕೆಲವರಿಗಂತೂ ತಮ್ಮ ಎಡಗೈ ಬಿದ್ದುಹೋಗಿದೆ ಎಂಬ ಅರಿವೂ ಇರುವುದಿಲ್ಲ. ಅರಚಾಟವಿಲ್ಲದ ಕಡೆ ಅವಸರವೂ ಹುಟ್ಟುವುದಿಲ್ಲ.

ಒಳಗೆ ನಡೆಯುವುದೇನು? ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ತಾನೇ ತೆಗೆದುಕೊಳ್ಳುತ್ತದೆ. ಕೂಡಿಟ್ಟುಕೊಳ್ಳುವ ಉಗ್ರಾಣ ಅದಕ್ಕಿಲ್ಲ. ರಕ್ತ ಹರಿಯುತ್ತಲೇ ಇರಬೇಕು. ಈ ಹರಿವು ಎರಡು ರೀತಿಯಲ್ಲಿ ಕೆಡುತ್ತದೆ. ಒಂದು, ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಮುಂದಿನ ಭಾಗಕ್ಕೆ ರಕ್ತ ನಿಲ್ಲುವುದು. ಇನ್ನೊಂದು, ನಾಳವೇ ಒಡೆದು ಮಿದುಳಿನೊಳಗೆ ರಕ್ತ ಸೋರುವುದು. ಹೆಚ್ಚಿನವು ಮೊದಲನೆಯ ಬಗೆಯವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ, ಎಷ್ಟು ಅನುಭವಿ ವೈದ್ಯರಾದರೂ ಬರಿಗಣ್ಣಿನಲ್ಲಿ ಖಚಿತವಾಗಿ ಬೇರ್ಪಡಿಸಲಾರರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೆಪ್ಪಿನ ಲಕ್ವವನ್ನು ಮಂಡ್ಯದವರಿಗೆ ತಿಳಿಸುವುದು ಕಷ್ಟವಲ್ಲ. ವಿಶ್ವೇಶ್ವರಯ್ಯ ನಾಲೆಯಿಂದ ಒಡೆದ ಒಂದು ಉಪನಾಲೆಯ ತೂಬಿನಲ್ಲಿ ಕಸ ಸಿಕ್ಕಿಕೊಂಡು ನೀರು ನಿಂತಿತು ಎಂದುಕೊಳ್ಳಿ. ಅದೊಂದೇ ತೂಬನ್ನು ನಂಬಿದ ಗದ್ದೆ ಬೇಗ ಒಣಗಿ ಬಿರಿಯುತ್ತದೆ. ಅದರ ಸುತ್ತಲಿನ ಗದ್ದೆಗಳು ಮಾತ್ರ ಪಕ್ಕದ ಕಾಲುವೆಯಿಂದ ಬಸಿದು ಬರುವ ನೀರಿನಲ್ಲಿ ಹೇಗೋ ಜೀವ ಹಿಡಿದಿರುತ್ತವೆ. ಪೈರು ಬಾಡಿದೆ, ಸತ್ತಿಲ್ಲ. ಮಿದುಳಿನಲ್ಲೂ ಹೀಗೆಯೇ. ನಡುವಿನ ಒಂದು ಭಾಗ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ, ಅದನ್ನು ಯಾರೂ ಉಳಿಸಲಾರರು. ಅದರ ಸುತ್ತಲಿನ ದೊಡ್ಡ ಭಾಗ ಕೆಲಸ ನಿಲ್ಲಿಸಿ, ಜೀವ ಮಾತ್ರ ಹಿಡಿದುಕೊಂಡು ಕಾಯುತ್ತಿರುತ್ತದೆ. ಆಗ ಕೈ ಏಳುವುದಿಲ್ಲ, ಮಾತು ಹೊರಡುವುದಿಲ್ಲ. ಆದರೆ ಆ ಕೈ ಮತ್ತು ಮಾತಿನ ಜೀವಕೋಶಗಳಲ್ಲಿ ಬಹಳಷ್ಟು ಇನ್ನೂ ಬದುಕಿವೆ. ತೂಬು ಬಿಡಿಸಿದರೆ ಚಿಗುರುತ್ತವೆ, ತಡವಾದಷ್ಟೂ ಸತ್ತ ಭಾಗ ಹಿಗ್ಗುತ್ತ ಹೋಗುತ್ತದೆ. ದೊಡ್ಡ ನಾಳ ಮುಚ್ಚಿಕೊಂಡಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ತೂಬು ಬಿಡಿಸುವ ದಾರಿ ಎರಡಿವೆ. ಮೊದಲನೆಯದು ಹೆಪ್ಪು ಕರಗಿಸುವ ಚುಚ್ಚುಮದ್ದು. 1995ರಲ್ಲಿ ಅಮೆರಿಕದ ಒಂದು ಅಧ್ಯಯನ, ಮೂರು ಗಂಟೆಯೊಳಗೆ ಆಲ್ಟೆಪ್ಲೇಸ್ ಎಂಬ ಔಷಧ ಕೊಟ್ಟರೆ ಮೂರು ತಿಂಗಳ ನಂತರ ಅಂಗವೈಕಲ್ಯವಿಲ್ಲದೆ, ಇಲ್ಲವೇ ತೀರಾ ಅಲ್ಪ ತೊಂದರೆಯೊಡನೆ ಉಳಿಯುವ ಸಾಧ್ಯತೆ ಕನಿಷ್ಠ ಶೇ. 30ರಷ್ಟು ಹೆಚ್ಚೆಂದು ತೋರಿಸಿತು. 2008ರ ಯುರೋಪಿನ ಅಧ್ಯಯನ ಈ ಗಡುವನ್ನು ನಾಲ್ಕೂವರೆ ಗಂಟೆಗೆ ಚಾಚಿತು. ಈಗ ಟೆನೆಕ್ಟೆಪ್ಲೇಸ್ ಎಂಬ ಔಷಧವೂ ಬಳಕೆಯಲ್ಲಿದೆ. ಆಲ್ಟೆಪ್ಲೇಸನ್ನು ಒಂದು ಗಂಟೆಯ ಕಾಲ ಹರಿಸಬೇಕು, ಇದನ್ನು ಒಂದೇ ಬಾರಿಗೆ ಕೊಟ್ಟು ಮುಗಿಸಬಹುದು; ಸಣ್ಣ ಊರಿನಿಂದ ದೊಡ್ಡ ಊರಿಗೆ ಸಾಗಿಸಬೇಕಾದ ರೋಗಿಗೆ ಈ ವ್ಯತ್ಯಾಸ ಸಣ್ಣದಲ್ಲ. ನಾಲ್ಕೂವರೆ ಗಂಟೆ ಇದೆಯಲ್ಲ ಎಂದು ನಿಧಾನಿಸುವಂತಿಲ್ಲ. ಮೊದಲ ಗಂಟೆಯಲ್ಲಿ ಕೊಟ್ಟ ಮದ್ದಿಗೆ ಇರುವ ಬಲ ನಾಲ್ಕನೆಯ ಗಂಟೆಯಲ್ಲಿ ಕೊಟ್ಟದ್ದಕ್ಕೆ ಇರುವುದಿಲ್ಲ.

ಎರಡನೆಯ ದಾರಿ, ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಮಿದುಳಿನ ನಾಳದವರೆಗೂ ಏರಿಸಿ, ಹೆಪ್ಪನ್ನು ಹಿಡಿದು ಎಳೆಯುವುದು. ಹೆಪ್ಪು ದೊಡ್ಡ ನಾಳದಲ್ಲಿದ್ದರೆ ಮಾತ್ರ ಇದು ಸಾಧ್ಯ. 2015ರಲ್ಲಿ ಒಂದರ ಹಿಂದೊಂದು ಬಂದ ಅಧ್ಯಯನಗಳು ಇದನ್ನು ಪಕ್ಕಾ ಚಿಕಿತ್ಸೆಯಾಗಿಸಿದವು. ಸಾಮಾನ್ಯವಾಗಿ ಆರು ಗಂಟೆಯೊಳಗೆ ಮಾಡುತ್ತಾರೆ. ಸ್ಕ್ಯಾನಿನಲ್ಲಿ ಉಳಿಸಬಹುದಾದ ಭಾಗ ಇನ್ನೂ ಸಾಕಷ್ಟಿದೆ ಎಂದು ಕಂಡರೆ 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಗೊತ್ತಾಯಿತು. ನಿದ್ದೆಯಲ್ಲಿ ಲಕ್ವವಾದವರಿಗೂ ಈಗ ಎಂ.ಆರ್.ಐ. ಮಾಡಿ, ಹೊತ್ತು ಇನ್ನೂ ಮೀರಿಲ್ಲವೆಂದು ಕಂಡರೆ ಚುಚ್ಚುಮದ್ದು ಕೊಡುವುದುಂಟು. ಆದ್ದರಿಂದ ‘ರಾತ್ರಿಯೇ ಆಗಿರಬೇಕು, ಇನ್ನು ಹೋಗಿ ಏನು ಪ್ರಯೋಜನ’ ಎಂದು ಮನೆಯಲ್ಲೇ ತೀರ್ಪು ಕೊಡಬೇಡಿ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಹೆಪ್ಪು ಕರಗಿಸುವ ಮದ್ದನ್ನು ರಕ್ತ ಸೋರುತ್ತಿರುವ ಮಿದುಳಿಗೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಎರಡನ್ನೂ ಬೇರ್ಪಡಿಸಿ ಕೂಡಲೇ ಹೇಳುವುದು ಸಿ.ಟಿ. ಸ್ಕ್ಯಾನ್, ಅಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ಸ್ಕ್ಯಾನ್ ಆಗುವವರೆಗೆ ಯಾವ ವೈದ್ಯರೂ ಈ ಚುಚ್ಚುಮದ್ದು ಕೊಡುವಂತಿಲ್ಲ. ಹಾಗಾಗಿ ‘ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂಬ ಸಲಹೆ ಲಕ್ವಕ್ಕೆ ಸಾಲದು. ಸಿ.ಟಿ. ಇರುವ, ರಾತ್ರಿಯಲ್ಲೂ ಅದನ್ನು ನಡೆಸುವ, ಈ ಚುಚ್ಚುಮದ್ದು ಕೊಡಬಲ್ಲ ಆಸ್ಪತ್ರೆಗೆ ಹೋಗಬೇಕು. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೂ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯೂ ಇವೆ, ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಕೊಳವೆಯಿಂದ ಹೆಪ್ಪು ತೆಗೆಯುವ ವ್ಯವಸ್ಥೆ ಇರುವ ಕಡೆಗಳು ಇನ್ನೂ ಕಡಿಮೆ. ನಿಮ್ಮ ಊರಿನಿಂದ ಬೇಗ ತಲುಪಬಹುದಾದದ್ದು ಯಾವುದು, ಅಲ್ಲಿ ಏನೇನಿದೆ ಎಂಬುದನ್ನು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಒಂದು ಭಾನುವಾರ ವಿಚಾರಿಸಿ, ಬರೆದಿಟ್ಟುಕೊಳ್ಳಿ. ಗಾಬರಿಯ ಹೊತ್ತಿನಲ್ಲಿ ವಿಚಾರಿಸುವುದಕ್ಕೆ ಆಗುವುದಿಲ್ಲ.

ಒಂದು ಊಹೆಯ ಲೆಕ್ಕ ನೋಡಿ. ಕೃಷ್ಣರಾಜಪೇಟೆ ಕಡೆಯ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಆರಕ್ಕೆ ಹಾಲು ಕರೆಯುತ್ತಿದ್ದವರ ಬಲಗೈಯಿಂದ ಚೊಂಬು ಜಾರಿತು. ‘ಸ್ವಲ್ಪ ಮಲಗಿಕೊಳ್ಳಪ್ಪ, ನಿತ್ರಾಣ ಇರಬೇಕು’ ಎಂದು ಮಗಳು ಹಾಸಿಗೆ ಹಾಸಿದಳು. ಏಳಕ್ಕೆ ಬೆಂಗಳೂರಿನಲ್ಲಿರುವ ಅಣ್ಣನಿಗೆ ಫೋನು. ಅವನು ಭಾವನನ್ನು ಕೇಳಿ ಹೇಳುತ್ತೇನೆಂದ. ಎಂಟಕ್ಕೆ ಊರಿನ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿ ಒಂದು ಇಂಜೆಕ್ಷನ್, ಒಂದು ಬಾಟಲಿ ಡ್ರಿಪ್. ಒಂಬತ್ತೂವರೆಗೆ ಇನ್ನೊಂದು ಆಸ್ಪತ್ರೆ, ಅಲ್ಲಿ ಸ್ಕ್ಯಾನ್ ಇಲ್ಲ. ಅಲ್ಲಿಂದ ಮೈಸೂರು ಮುಟ್ಟುವಾಗ ಹನ್ನೊಂದು. ನಾಲ್ಕೂವರೆ ಗಂಟೆ ಹತ್ತೂವರೆಗೇ ಮುಗಿದಿತ್ತು. ಈ ಲೆಕ್ಕದಲ್ಲಿ ರಸ್ತೆ ತಿಂದ ಹೊತ್ತಿಗಿಂತ ತೀರ್ಮಾನ ತಿಂದ ಹೊತ್ತೇ ಹೆಚ್ಚು. ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ಲಕ್ಷಣ ಕಂಡ ಕಾಲು ಗಂಟೆಯಲ್ಲಿ ಹೊರಟರೆ ಕಾಡಂಚಿನ ತಾಲ್ಲೂಕಿನವರಿಗೂ ಹೊತ್ತು ಸಿಗುತ್ತದೆ. ಆಸ್ಪತ್ರೆಗಳ ಮೇಲೂ ಹೊಣೆಯಿದೆ. ರೋಗಿ ಬಾಗಿಲು ದಾಟಿದ 60 ನಿಮಿಷದೊಳಗೆ ಚುಚ್ಚುಮದ್ದು ಆರಂಭವಾಗಬೇಕು ಎಂಬುದು ಒಪ್ಪಿತ ಗುರಿ. ಆ ಗಂಟೆಯನ್ನು ಮುಂಗಡ ಹಣದ ಕೌಂಟರಿನ ಮುಂದೆ ಕಳೆಯುವಂತಾದರೆ ಅದು ನಾಚಿಕೆಗೇಡು. ಈ ಔಷಧಕ್ಕೆ ಖಾಸಗಿಯಲ್ಲಿ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಪಡಿತರ ಚೀಟಿ, ಆಧಾರ್ ಕಾರ್ಡನ್ನು ಆಯುಷ್ಮಾನ್ ಯೋಜನೆಗಾಗಿ ಒಬ್ಬರು ಹಿಂದಿನಿಂದ ತರಲಿ, ರೋಗಿ ಮುಂದೆ ಹೋಗಲಿ.

ಗುರುತಿಸುವುದು ಹೇಗೆ? ನಗಲು ಹೇಳಿ: ಬಾಯಿಯ ಒಂದು ಮೂಲೆ ಜೋಲುತ್ತದೆಯೇ? ಕಣ್ಣು ಮುಚ್ಚಿಸಿ, ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿಯಲು ಹೇಳಿ: ಒಂದು ತಾನಾಗಿ ಇಳಿಯುತ್ತದೆಯೇ? ‘ಅರಳೀಮರದ ಕೆಳಗೆ ಕುಳಿತಿದ್ದೆ’ ಎಂದು ಹೇಳಿಸಿ: ನಾಲಿಗೆ ತೊದಲುತ್ತದೆಯೇ, ಮಾತು ತಪ್ಪುತ್ತದೆಯೇ, ನೀವು ಹೇಳಿದ್ದೇ ಅವರಿಗೆ ಅರ್ಥವಾಗುತ್ತಿಲ್ಲವೇ? ಮೂರರಲ್ಲಿ ಒಂದು ಕಂಡರೂ ಸಾಕು. ಇದ್ದಕ್ಕಿದ್ದಂತೆ ನಡಿಗೆ ತೂರಾಡುವುದು, ಒಂದು ಕಡೆಯ ದೃಷ್ಟಿ ಮರೆಯಾಗುವುದು, ಒಂದು ಎರಡಾಗಿ ಕಾಣುವುದು ಕೂಡ ಇದೇ ಪಟ್ಟಿಗೆ ಸೇರಿದವು. ಜೀವಮಾನದಲ್ಲೇ ಕಾಣದಂಥ ತಲೆನೋವು ಒಂದೇ ಕ್ಷಣದಲ್ಲಿ ಬಂದೆರಗಿದರೆ ಮಿದುಳಿನ ಹೊದಿಕೆಯಡಿ ನಾಳ ಒಡೆದಿರಬಹುದು. ಮುಖದ ನರ ಮಾತ್ರ ಕೆಟ್ಟು ಬಾಯಿ ಸೊಟ್ಟಗಾಗುವ ಬೇರೊಂದು ಕಾಯಿಲೆಯೂ ಇದೆ. ಅದರಲ್ಲಿ ಸಾಮಾನ್ಯವಾಗಿ ಆ ಕಡೆಯ ಹಣೆಯೂ ಸುಕ್ಕುಗಟ್ಟುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ, ಕೈಕಾಲು ಸರಿಯಿರುತ್ತವೆ. ಅದನ್ನು ಬೇರ್ಪಡಿಸುವ ಕೆಲಸವನ್ನು ವೈದ್ಯರಿಗೆ ಬಿಡಿ. ನಾಟಿ ಔಷಧಿಯಿಂದ ‘ಲಕ್ವ ವಾಸಿಯಾಯಿತು’ ಎಂಬ ಕಥೆಗಳಲ್ಲಿ ಎಷ್ಟೋ ಈ ಕಾಯಿಲೆಯವೇ ಇರಬೇಕೆಂದು ನನ್ನ ಗುಮಾನಿ. ಅದು ಬಹುತೇಕರಲ್ಲಿ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮಾತ್ರ ಔಷಧಿ ಕೊಟ್ಟವರಿಗೆ ಹೋಗುತ್ತದೆ.

108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನ ಹತ್ತಿ. ಅಷ್ಟರಲ್ಲಿ ಮಾಡಬಾರದವುಗಳೇ ಹೆಚ್ಚು. ನೀರು, ಕಾಫಿ, ಗಂಜಿ ಏನನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕೆಟ್ಟಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಎದೆನೋವಿಗೆ ಕೊಡುವಂತೆ ಆಸ್ಪಿರಿನ್ ಕೊಡಬೇಡಿ, ಒಳಗೆ ರಕ್ತ ಸೋರುತ್ತಿದೆಯೋ ಏನೋ ನಿಮಗೆ ತಿಳಿಯದು. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಹೊರಬಿಟ್ಟರೆ ಸರಿಹೋಗುತ್ತದೆ ಎಂದು ಮೊಬೈಲಿನಲ್ಲಿ ಸುತ್ತುವ ಸಂದೇಶ ಶುದ್ಧ ಸುಳ್ಳು. ಪಾರಿವಾಳದ ಬಿಸಿ ರಕ್ತ ಸವರಿದರೆ ಪಾರಿವಾಳವೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಎಚ್ಚರ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಸಕ್ಕರೆ ಕಾಯಿಲೆಯವರಾಗಿದ್ದು ಮನೆಯಲ್ಲಿ ಯಂತ್ರವಿದ್ದರೆ ಸಕ್ಕರೆ ನೋಡಿ; ಅದು ತೀರಾ ಇಳಿದಾಗಲೂ ಲಕ್ವದಂತೆಯೇ ಕಾಣಬಹುದು. ಅವರು ನುಂಗುತ್ತಿರುವ ಮಾತ್ರೆಗಳ ಚೀಟಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಮರೆಯದೆ ಒಯ್ಯಿರಿ.

ಬಿಪಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಲಕ್ವವಾದ ಕೂಡಲೇ ಬಿಪಿ 190, 200 ಏರಿರುವುದು ಕಂಡು, ಮೊದಲು ಅದನ್ನು ಇಳಿಸಬೇಕೆಂದು ಮಾತ್ರೆ ಕೊಡುವವರಿದ್ದಾರೆ. ಹೆಪ್ಪಿನ ಲಕ್ವದಲ್ಲಿ ಆ ಏರಿಕೆಗೆ ಅರ್ಥವಿದೆ: ನಾಲೆಯಲ್ಲಿ ನೀರಿನ ಮಟ್ಟ ಮೇಲಿದ್ದರೆ ತಾನೇ ಬಾಡಿದ ಗದ್ದೆಗೆ ಬಸಿದಾದರೂ ನೀರು ಹೋಗುವುದು! ಒಮ್ಮೆಲೇ ಇಳಿಸಿದರೆ ಬದುಕಿದ್ದ ಭಾಗವೂ ಸಾಯುತ್ತದೆ. ಚುಚ್ಚುಮದ್ದು ಕೊಡುವುದಾದರೆ 185/110ಕ್ಕಿಂತ ಕೆಳಗೆ ತರುತ್ತಾರೆ. ಕೊಡದಿದ್ದರೆ 220/120ರವರೆಗೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ರಕ್ತಸ್ರಾವದ ಲಕ್ವದಲ್ಲಿ ಎಲ್ಲ ತಿರುಗುಮುರುಗು: ಅಲ್ಲಿ ಬಿಪಿಯನ್ನು ಬೇಗ ಇಳಿಸುವುದು, ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ಕಳೆಯುವುದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಮಾಡುವುದೇ ಚಿಕಿತ್ಸೆ. ಯಾವುದೆಂದು ತಿಳಿಯುವವರೆಗೆ ದಾರಿಯಲ್ಲಿ ಯಾರೂ ಕೈ ಹಾಕದಿರುವುದು ಒಳ್ಳೆಯದು.

ಚುಚ್ಚುಮದ್ದಿಗೆ ಮುಂಚೆ ಸಹಿ ಕೇಳುತ್ತಾರೆ. ‘ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು’ ಎಂಬ ಸಾಲು ಓದಿದ ಮಗ ಪೆನ್ನು ಕೆಳಗಿಟ್ಟು ಚಿಕ್ಕಪ್ಪನಿಗೆ ಫೋನು ಮಾಡಲು ಹೊರಗೆ ಹೋಗುತ್ತಾನೆ. ಅಪಾಯ ನಿಜ: 1995ರ ಅಧ್ಯಯನದಲ್ಲಿ ಮದ್ದು ಪಡೆದ ನೂರರಲ್ಲಿ ಸುಮಾರು ಆರು ಮಂದಿಗೆ ಅಂಥ ರಕ್ತಸ್ರಾವ ಆಯಿತು. ಆದರೆ ಆ ಆರು ಮಂದಿಯನ್ನು ಸೇರಿಸಿಕೊಂಡು ಲೆಕ್ಕ ಹಾಕಿದ ಮೇಲೂ ಮದ್ದು ಪಡೆದ ಗುಂಪೇ ಮೇಲಿತ್ತು, ಸಾವೂ ಹೆಚ್ಚಾಗಿರಲಿಲ್ಲ. ಕೊಡದಿರುವುದಕ್ಕೂ ಒಂದು ಅಪಾಯವಿದೆ, ಅದನ್ನು ಯಾರೂ ಕಾಗದದಲ್ಲಿ ಬರೆದು ಸಹಿ ಕೇಳುವುದಿಲ್ಲ, ಅಷ್ಟೇ.

ಮೊದಲ ದಿನಗಳು ಕಳೆದ ಮೇಲೆ ಕೆಲಸ ನಿಧಾನದ್ದು. ನುಂಗುವುದನ್ನು ಪರೀಕ್ಷಿಸಿದ ಮೇಲೆಯೇ ಊಟ. ಸ್ಥಿರವಾದ ಕೂಡಲೇ ವ್ಯಾಯಾಮ. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಮಲಗಿದರೆ ಕೈ ಮಡಚಿಕೊಂಡು ಬಿಗಿಯುತ್ತದೆ. ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ, ಹೆಗಲ ಕೀಲು ಜಾರುತ್ತದೆ. ಚೇತರಿಕೆ ಮೊದಲ ಮೂರರಿಂದ ಆರು ತಿಂಗಳಲ್ಲಿ ಹೆಚ್ಚು, ಆಮೇಲೂ ಪೂರಾ ನಿಲ್ಲುವುದಿಲ್ಲ. ಮೂವರಲ್ಲಿ ಒಬ್ಬರಿಗಾದರೂ ಖಿನ್ನತೆ ಕಾಡುತ್ತದೆ. ‘ಮೊಂಡುತನ’, ‘ಅಳುಬುರುಕತನ’ ಎಂದು ಬೈಯುವ ಬದಲು ವೈದ್ಯರಿಗೆ ಹೇಳಿದರೆ ಅದಕ್ಕೂ ಔಷಧವಿದೆ.

ಮಾತು ಹೋದವರ ವಿಷಯ ಬೇರೆಯೇ. ಬಹುತೇಕರಲ್ಲಿ ಭಾಷೆಯ ನೆಲೆ ಮಿದುಳಿನ ಎಡಭಾಗ; ಬಲಗೈ, ಬಲಗಾಲನ್ನು ಆಡಿಸುವುದೂ ಅದೇ ಭಾಗ. ಅದಕ್ಕೇ ಬಲಗೈ ಬಿದ್ದವರಲ್ಲಿ ಮಾತೂ ಹೋಗುವುದು ಹೆಚ್ಚು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ನೋಡಿದ ರೋಗಿಯೊಬ್ಬ ‘ಟಾನ್’ ಎಂಬ ಒಂದೇ ಸದ್ದಿನಲ್ಲಿ ಎಲ್ಲವನ್ನೂ ಹೇಳಬೇಕಾಗಿತ್ತು. ಹೇಳಿದ್ದು ಮಾತ್ರ ಅವನಿಗೆ ಅರ್ಥವಾಗುತ್ತಿತ್ತು. ಇಂಥವರು ತಮ್ಮ ಹೆಸರು ಹೇಳಲಾರರು, ಆದರೆ ಒಂದರಿಂದ ಹತ್ತರವರೆಗೆ ಎಣಿಸಬಲ್ಲರು, ಬಾಲ್ಯದಲ್ಲಿ ಕಲಿತ ಭಜನೆಯೊಂದನ್ನು ಹಾಡಬಲ್ಲರು, ಸಿಟ್ಟು ಬಂದರೆ ಸ್ಪಷ್ಟವಾಗಿ ಬೈಯಬಲ್ಲರು. ಮನೆಯವರು ಇದನ್ನು ನಾಟಕವೆಂದು ತಿಳಿಯುವುದುಂಟು. ರೂಢಿಯಿಂದ ಬರುವ ಮಾತು ಮತ್ತು ಯೋಚಿಸಿ ಕಟ್ಟುವ ಮಾತು ಒಂದೇ ದಾರಿಯಲ್ಲಿ ಬರುವುದಿಲ್ಲ. ಈ ಸೀಮೆಯವರಿಗೊಂದು ಅನುಕೂಲವಿದೆ: ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದಲೂ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ದೇಶದ ಬೇರೆಡೆಯಿಂದ ಅಲ್ಲಿಗೆ ಬರುತ್ತಾರೆ. ಶ್ರೀರಂಗಪಟ್ಟಣದವರಿಗೆ, ನಂಜನಗೂಡಿನವರಿಗೆ ಅದು ಸಿಟಿ ಬಸ್ಸಿನ ದೂರ. ಆದರೂ ಮಾತಿಗೆ ಚಿಕಿತ್ಸೆಯಿದೆ ಎಂಬುದೇ ತಿಳಿಯದ ಮನೆಗಳು ಇನ್ನೂ ಇವೆ.

ತಡೆಯುವ ವಿಷಯದಲ್ಲಿ ಬಿಪಿಯೇ ಯಜಮಾನ. ಭಾರತವೂ ಸೇರಿ 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಲಕ್ವದ ಹೊಣೆಯಲ್ಲಿ ಸುಮಾರು ಅರ್ಧ ಪಾಲು ಅಧಿಕ ರಕ್ತದೊತ್ತಡದ್ದು. ತಂಬಾಕು, ಸಕ್ಕರೆ ಕಾಯಿಲೆ, ಕೊಬ್ಬು, ಹೊಟ್ಟೆಯ ಬೊಜ್ಜು, ಕುಡಿತ, ಹೃದಯದ ಕಾಯಿಲೆ ಮೊದಲಾದ ಒಟ್ಟು ಹತ್ತು ಕಾರಣಗಳನ್ನು ಕೂಡಿಸಿದರೆ ಶೇ. 90ರಷ್ಟಾಗುತ್ತದೆ. ಬಿಪಿ ಇದ್ದವರಿಗೆ ತಲೆ ಸುತ್ತಬೇಕು, ಕುತ್ತಿಗೆ ಹಿಡಿಯಬೇಕು ಎಂದೇನೂ ಇಲ್ಲ, ಅಳೆಯದೆ ತಿಳಿಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಳತೆಯೂ ಮಾತ್ರೆಯೂ ಪುಕ್ಕಟೆ. ‘ನಾರ್ಮಲ್ ಬಂತು, ಮಾತ್ರೆ ಬಿಟ್ಟೆ’ ಎನ್ನುವವರೇ ಹೆಚ್ಚಾಗಿ ತುರ್ತು ಘಟಕದಲ್ಲಿ ಕಾಣಸಿಗುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಆಗಾಗ ಒಂದು ಬಾಟಲಿ ಡ್ರಿಪ್ ಹಾಕಿಸಿಕೊಂಡರೆ ಲಕ್ವ ಹತ್ತಿರ ಸುಳಿಯದು ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ.

ಉಪ್ಪು ದಿನಕ್ಕೆ ಐದು ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಇಡೀ ದಿನಕ್ಕೆ ಒಂದು ಸಣ್ಣ ಚಮಚ. ರಾಗಿ ಮುದ್ದೆಯದು ತಪ್ಪಿಲ್ಲ. ಬಸ್ಸಾರಿನ ಉಪ್ಪು, ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಬೇಕರಿ ತಿಂಡಿ ಎಲ್ಲ ಕೂಡಿದಾಗ ಚಮಚ ಎರಡಾಗುತ್ತದೆ. ಬೀಡಿ ಬಿಟ್ಟೆನೆಂದು ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವುದೂ ಪಾರಾಗುವ ದಾರಿಯಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ತಂಬಾಕು ಬೆಳೆದು ಬದುಕುವ ಜಿಲ್ಲೆಯಲ್ಲಿ ಈ ಮಾತು ಹೇಳುವುದು ಇರುಸುಮುರುಸಿನದು, ಹೇಳದಿರಲಾಗದು. ನಾಡಿ ತಾಳ ತಪ್ಪಿ ಬಡಿಯುವ ಹೃದಯದ ಕಾಯಿಲೆಯಿದ್ದರೆ ಲಕ್ವದ ಅಪಾಯ ಐದು ಪಟ್ಟು. ಇ.ಸಿ.ಜಿ.ಯಲ್ಲಿ ಅದು ಸಿಕ್ಕರೆ ರಕ್ತ ತೆಳುವಾಗಿಸುವ ಮಾತ್ರೆಯಿಂದ ಬಹುಮಟ್ಟಿಗೆ ತಡೆಯಬಹುದು.

ಇದು ಮುದುಕರ ಕಾಯಿಲೆ ಮಾತ್ರವಲ್ಲ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂದು ಬಾಯಾರಿಸಿ ಕೂರಿಸುವ ಪದ್ಧತಿ ಕೆಲವು ಮನೆಗಳಲ್ಲಿ ಉಳಿದಿದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವಂತಿರುತ್ತದೆ; ಮೈಯಲ್ಲಿ ನೀರೂ ಆರಿದರೆ ಮಿದುಳಿನಿಂದ ರಕ್ತ ಹೊರಗೆ ಒಯ್ಯುವ ನಾಳಗಳಲ್ಲಿ ಹೆಪ್ಪು ಕೂರಬಹುದು. ಬಿಡದ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲುವುದು ಅದರ ಲಕ್ಷಣಗಳು. ‘ಗಾಳಿ ಸೋಕಿದೆ’ ಎಂದು ಬೇವಿನ ಸೊಪ್ಪು ಹಿಡಿಯುವ ಮುನ್ನ ಸ್ಕ್ಯಾನ್ ಆಗಲಿ. ಬೇಗ ಗುರುತಿಸಿದರೆ ಇವರಲ್ಲಿ ಹೆಚ್ಚಿನವರು ಪೂರಾ ಚೇತರಿಸಿಕೊಳ್ಳುತ್ತಾರೆ. ಬಾಣಂತಿಗೆ ಬಾಯಾರಿದಾಗಲೆಲ್ಲ ನೀರು ಕೊಡಿ.

ಕೊನೆಗೆ, ಬಂದು ಹೋಗುವ ಲಕ್ವ. ಹತ್ತು ನಿಮಿಷ ಕೈ ಮರಗಟ್ಟಿತು, ಮಾತು ತೊದಲಿತು, ಆಮೇಲೆ ಏನೂ ಆಗದಂತೆ ಸರಿಹೋಯಿತು. ಮನೆಯಲ್ಲಿ ದೇವರಿಗೆ ಕೈ ಮುಗಿದು ಮುಂದಿನ ವಾರ ತೋರಿಸೋಣ ಎನ್ನುತ್ತಾರೆ. ಹೆಪ್ಪು ಬಂದು ಸಿಕ್ಕಿ, ಅದೃಷ್ಟಕ್ಕೆ ತಾನೇ ಕರಗಿತು ಎಂಬುದು ಇದರ ಅರ್ಥ. ಅದು ಬಂದ ಮೂಲ ಹಾಗೆಯೇ ಇದೆ. ದೊಡ್ಡ ಲಕ್ವದ ಅಪಾಯ ಮೊದಲ 48 ಗಂಟೆಗಳಲ್ಲೇ ಅತಿ ಹೆಚ್ಚು. ಹಾಗಾಗಿ ಸರಿಹೋದರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸ್ಕ್ಯಾನ್, ಇ.ಸಿ.ಜಿ., ಕುತ್ತಿಗೆಯ ರಕ್ತನಾಳಗಳ ಪರೀಕ್ಷೆ ಮಾಡಿ, ಅಗತ್ಯ ಕಂಡರೆ ಆಸ್ಪಿರಿನ್ ಜೊತೆಗೆ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಮೂರು ವಾರಗಳ ಮಟ್ಟಿಗೆ ಆರಂಭಿಸುತ್ತಾರೆ. ಕುತ್ತಿಗೆಯ ನಾಳ ತೀರಾ ಕಿರಿದಾಗಿದ್ದರೆ ಎರಡು ವಾರದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದರಲ್ಲಿ ಲಾಭ ಹೆಚ್ಚು; ತಡವಾದಷ್ಟೂ ಆ ಲಾಭ ಕರಗುತ್ತದೆ.